ಅದರಲ್ಲಿ ನನ್ನಂಥವಳು ಇಲ್ಲ ಅಂತ ಬರೆದಿದ್ದೆಯಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಮನೆ, ಬಾಡಿಗೆ, ವೀಸಾ ಎಲ್ಲಾ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ. ನಾನು ಬರೆಯುತ್ತಿರುವುದು ಪತ್ರದ ಕೊನೆಯ ಆ ಒಂದು ಸಾಲಿಗಾಗಿ. ‘ಆಫೀಸಿನವರೆಲ್ಲ ಸಿಲಿಕಾನ್ ವ್ಯಾಲಿ ಧಾರಾವಾಹಿ ನೋಡಿ ಇದು ನಮ್ಮದೇ ಕಥೆ ಅಂತ ನಗುತ್ತಾರೆ. ಅದರಲ್ಲಿ ನನ್ನಂಥವಳು ಇಲ್ಲವೇ ಇಲ್ಲ ದೊಡ್ಡಮ್ಮ’ ಅಂತ ಬರೆದಿದ್ದೆ. ಓದಿದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ನಿನ್ನ ಅಣ್ಣನ ಹತ್ತಿರ ಹಾಕಿಸಿಕೊಂಡು ನಾನೂ ನೋಡಿದೆ. ಅದರ ಬಗ್ಗೆ ಯಾರು ಏನಂದರು ಅಂತಲೂ ಹುಡುಕಿ ಓದಿದೆ. ಅಮೆರಿಕದ ಸಿಲಿಕಾನ್ ವ್ಯಾಲಿಯಲ್ಲಿ ಹೊಸ ಸಾಫ್ಟ್‌ವೇರ್ ಕಂಪನಿ ಕಟ್ಟಲು ಒದ್ದಾಡುವ ಹುಡುಗರ ನಗೆ ಧಾರಾವಾಹಿ. ಎಚ್‌ಬಿಒ ಅನ್ನುವ ಅಲ್ಲಿನ ಟಿವಿ ಚಾನೆಲಿನಲ್ಲಿ 2014ರಿಂದ 2019ರವರೆಗೆ ಬಂದಿದೆ. ವಿಮರ್ಶಕರಿಗೆ ಬಹಳ ಹಿಡಿಸಿತ್ತು. ಸತತವಾಗಿ ಐದು ವರ್ಷ ಎಮ್ಮಿ ಅನ್ನುವ ಅಲ್ಲಿನ ದೊಡ್ಡ ಟಿವಿ ಪ್ರಶಸ್ತಿಗೆ ಅತ್ಯುತ್ತಮ ಹಾಸ್ಯ ಸರಣಿ ಅಂತ ನಾಮನಿರ್ದೇಶನ ಸಿಕ್ಕಿತು, ಆ ಪ್ರಶಸ್ತಿ ಮಾತ್ರ ಬರಲಿಲ್ಲ. ಅದನ್ನು ಮಾಡಿದ ಮೈಕ್ ಜಡ್ಜ್ ಸುಮ್ನೆ ಹೊರಗೆ ನಿಂತು ನಕ್ಕವನಲ್ಲ. ಭೌತಶಾಸ್ತ್ರ ಓದಿ, 1980ರ ದಶಕದಲ್ಲಿ ಸಿಲಿಕಾನ್ ವ್ಯಾಲಿಯದೇ ಒಂದು ಕಂಪನಿಯಲ್ಲಿ ಸ್ವಲ್ಪ ದಿನ ಕೆಲಸ ಮಾಡಿದವನು. ಆದರೂ ಇಲಾನ್ ಮಸ್ಕ್ ಮೊದಲ ಪ್ರದರ್ಶನ ನೋಡಿ, ಇವರಿಗೆ ನಮ್ಮ ಜಗತ್ತು ಗೊತ್ತಿಲ್ಲ ಅಂತ ಗೊಣಗಿದನಂತೆ. ಬಿಲ್ ಗೇಟ್ಸ್ ಮಾತ್ರ, ಸಿಲಿಕಾನ್ ವ್ಯಾಲಿ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ಇದನ್ನೇ ನೋಡಿ ಅಂತ ಬರೆದ. ಕೊನೆಯ ಕಂತಿನಲ್ಲಿ ತಾನೇ ಕಾಣಿಸಿಕೊಂಡ.

ಇಬ್ಬರೂ ಅದರಲ್ಲಿ ತಮ್ಮಂಥವರನ್ನು ನೋಡಿಕೊಂಡೇ ಮಾತಾಡಿದ್ದು, ಅಲ್ವಾ? ಒಬ್ಬನಿಗೆ ಸರಿ ಕಾಣಲಿಲ್ಲ, ಇನ್ನೊಬ್ಬನಿಗೆ ಕಂಡಿತು. ನಿನಗೆ ಅಷ್ಟೂ ಸಿಗಲಿಲ್ಲ.

ನಿನಗೆ ಅನಿಸಿದ್ದು ವಿಮರ್ಶಕರಿಗೂ ಅನಿಸಿತ್ತು ಪುಟ್ಟಿ. ಹೆಂಗಸರು ಎಲ್ಲಿ ಅಂತ ಮೊದಲ ವರ್ಷವೇ ಕೇಳಿದರು. ಸ್ಟಾರ್ಟಪ್‌ಗಳ ದೊಡ್ಡ ಸ್ಪರ್ಧೆ ನಡೆಯುತ್ತದಲ್ಲ, ಟೆಕ್‌ಕ್ರಂಚ್ ಡಿಸ್ರಪ್ಟ್, ಆ ಕಂತುಗಳಲ್ಲಿ ಜನರ ಗುಂಪಿನಲ್ಲಿ ಹೆಂಗಸರೇ ಇಲ್ಲ ಅಂತ ಆಕ್ಷೇಪ ಬಂತು. ಆಗ ನಿರ್ಮಾಪಕ ಅಲೆಕ್ ಬರ್ಗ್ ಹೇಳಿದ ಉತ್ತರ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆ ಗುಂಪನ್ನು ಅವರು ಸೇರಿಸಿದ್ದಲ್ಲವಂತೆ. ನಿಜವಾದ ಡಿಸ್ರಪ್ಟ್‌ಗೆ ಹೋಗಿ ಶೂಟ್ ಮಾಡಿದ್ದಂತೆ. ಅಲ್ಲಿ ಇದ್ದದ್ದೇ ಹಾಗೆ.

ನಮ್ಮ ಕಾರ್ಖಾನೆಯಲ್ಲಿ ಇದು ತಿರುಗುಮುರುಗಾಗಿತ್ತು. ನಮ್ಮ ಅಸೆಂಬ್ಲಿ ಸೆಕ್ಷನ್ ತುಂಬಾ ಹೆಂಗಸರೇ. ಒಂದು ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಕಾರ್ಖಾನೆಯ ಬಗ್ಗೆಯೇ ನಗೆನಾಟಕ ಆಡಿದರು. ಮ್ಯಾನೇಜರ್ ಇದ್ದ, ಯೂನಿಯನ್ ಲೀಡರ್ ಇದ್ದ, ಕ್ಯಾಂಟೀನಿನ ಭಟ್ಟರು, ಗೇಟಿನ ವಾಚ್‌ಮನ್ ಎಲ್ಲರೂ ಇದ್ದರು. ನಾವು ಒಬ್ಬರೂ ಇರಲಿಲ್ಲ. ಚೆನ್ನಾಗಿಯೇ ಬರೆದಿದ್ದರು, ನಾವೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದಲ್ಲಿದ್ದವಳು, ‘ನಮ್ಮನ್ನ ಯಾಕೆ ಬಿಟ್ರೇ?’ ಅಂದಳು. ನಾನು ಕಿಟಕಿ ಕಡೆ ತಿರುಗಿದೆ. ನಾಟಕ ಬರೆದವರು ಆಮೇಲೆ ಎಷ್ಟೋ ವರ್ಷ ನಮ್ಮ ಜೊತೆಯೇ ಕೆಲಸ ಮಾಡಿದರು, ನಿವೃತ್ತರಾದರು, ತೀರಿಯೂ ಹೋದರು. ಅವರನ್ನು ಕೇಳುವುದು ಆಗಲೇ ಇಲ್ಲ. ಆ ಕೊರಗು ಇನ್ನೂ ಇದೆ.

ಆದರೆ ನಮ್ಮ ಕೊರತೆ ನಾಟಕದಲ್ಲಿತ್ತು ಪುಟ್ಟಿ. ಮಾರನೇ ದಿನ ಬೆಂಚಿಗೆ ಹೋದರೆ ಅಕ್ಕಪಕ್ಕ ನಮ್ಮವರೇ ಇದ್ದರು. ನೀನು ಟಿವಿ ಆರಿಸಿ ಆಫೀಸಿಗೆ ಹೋದರೆ ಅಲ್ಲಿಯೂ ಒಬ್ಬಳೇ. ಅದಕ್ಕೇ ನನಗೆ ಭಯ. ‘ಅದರಲ್ಲಿ ಇಲ್ಲ’ ಅಂದದ್ದು ನಿಧಾನಕ್ಕೆ ‘ನಾನು ಇಲ್ಲಿಯವಳಲ್ಲ’ ಅಂತ ಆಗಿಬಿಟ್ಟರೆ?

ಎರಡನೇ ಸೀಸನ್ನಿನಲ್ಲಿ ಕಾರ್ಲಾ ಅಂತ ಒಬ್ಬಳು ಇಂಜಿನಿಯರ್ ಬರುತ್ತಾಳೆ, ನೋಡಿದೆಯಾ? ಹೆಂಗಸು ಅಂತ ಬೇರೆ ಲೆಕ್ಕ ಬೇಡ, ಇಂಜಿನಿಯರ್ ಅಂದರೆ ಸಾಕು ಅನ್ನುವ ಸ್ವಭಾವ. ನನಗೆ ಬಹಳ ಇಷ್ಟವಾದಳು. ಸ್ವಲ್ಪ ಕಂತು ಇದ್ದು ಹೊರಟೇ ಹೋದಳು. ಮೋನಿಕಾ ಅಂತ ಇನ್ನೊಬ್ಬಳು ಕೊನೆಯವರೆಗೂ ಇದ್ದಾಳೆ, ಆದರೆ ಅವಳು ಬರುವುದು ದುಡ್ಡು ಹಾಕುವವರ ಕಡೆಯಿಂದ. ಕೋಡ್ ಬರೆಯುವ ಮೇಜಿನಲ್ಲಿ ನಿನ್ನ ಕುರ್ಚಿ ಖಾಲಿಯೇ.

ಏನು ಮಾಡು ಅಂತ ಹೇಳಲಿ? ಅಲ್ಲಿನ ರೀತಿ ನನಗೆ ತಿಳಿಯದು, ತಪ್ಪಾದರೆ ಬಿಟ್ಟುಬಿಡು. ಅವರು ನಗುವಾಗ ನೀನೂ ನಗಲೇಬೇಕು ಅಂತಿಲ್ಲ. ಇದರಲ್ಲಿ ನನ್ನಂಥವರು ಯಾಕಿಲ್ಲ ಅಂತ ಒಂದು ಸಲ ಅವರನ್ನೇ ಕೇಳಿ ನೋಡು. ಜಗಳ ಬೇಡ, ಸುಮ್ನೆ ಕೇಳು. ಪಕ್ಕದ ಕಂಪನಿಗಳಲ್ಲಿ ನಿನ್ನ ಥರದ ಹುಡುಗಿಯರು ಇದ್ದರೆ ವಾರಕ್ಕೊಮ್ಮೆ ಜೊತೆಗೆ ಊಟ ಮಾಡಿ. ನಮಗೆ ಆ ಡಬ್ಬಿ ಊಟದ ಹೊತ್ತೇ ದೊಡ್ಡ ಆಸರೆಯಾಗಿತ್ತು. ಕೆಲಸ ಬಿಡುವ ಯೋಚನೆ ಇದ್ದರೂ ನನ್ನಿಂದ ಮುಚ್ಚಿಡಬೇಡ, ಬೈಯುವುದಿಲ್ಲ.

ಮೀಟಿಂಗಿನಲ್ಲಿ ನೀನು ಹೇಳಿದ್ದನ್ನೇ ಇನ್ನೊಬ್ಬ ಹೇಳಿ ಹೊಗಳಿಸಿಕೊಂಡ ಅಂತ ಹಿಂದೊಮ್ಮೆ ಫೋನಿನಲ್ಲಿ ಹೇಳಿ ಮಾತು ಮರೆಸಿದ್ದೆ. ಅದು ಈಗಲೂ ಆಗುತ್ತಿದೆಯಾ? ಮುಂದಿನ ಪತ್ರದಲ್ಲಿ ಅದನ್ನು ಬಿಡಿಸಿ ಬರೆ.

ನಿನ್ನ,
ದೊಡ್ಡಮ್ಮ