ನಿದ್ದೆಗೂ ಅಂಕ ಬೀಳುವ ಕಾಲದಲ್ಲಿ ನಮ್ಮ ಮಕ್ಕಳು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೆಳಗಿನ ಜಾವ ಐದಕ್ಕೆ ಏಳುವುದು ಹೇಗೆ, ದಿನದ ಒಂದು ಗಂಟೆಯೂ ವ್ಯರ್ಥವಾಗದಂತೆ ದುಡಿಯುವುದು ಹೇಗೆ ಎಂದು ತಿಳಿಸುವ ಲೇಖನಗಳು ನಮ್ಮ ಪತ್ರಿಕೆಗಳ ಯುವ ಪುರವಣಿಗಳಲ್ಲಿ ವಾರ ತಪ್ಪದೆ ಬರುತ್ತಿವೆ. ಅವುಗಳಲ್ಲಿ ಉಪಯುಕ್ತವಾದ ಮಾತುಗಳಿಲ್ಲವೆಂದು ನಾನು ಹೇಳಲಾರೆ. ಆದರೂ ಅವನ್ನು ಓದುವಾಗಲೆಲ್ಲ ನಮ್ಮ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಕಳೆದ ಸಲದ ರಾತ್ರಿ ನೆನಪಾಗಿ ಮನಸ್ಸು ಕಲಕುತ್ತದೆ. ಆ ಕಾರಣಕ್ಕೆ ಈ ಪತ್ರ.

ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಎರಡು ದಿನ ರಜೆ ಹಾಕಿ ಹಬ್ಬಕ್ಕೆ ಬಂದಿದ್ದಳು. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿಯಾದ ಮುಹೂರ್ತಕ್ಕೆ ಎಲೆಗಳನ್ನು ಸೇರಿಸಿ ‘ನೆರೆ’ ಕಟ್ಟಿ, ಮನೆಮಂದಿಯೆಲ್ಲ ದೀಪ ಹಿಡಿದು ಗದ್ದೆಗಿಳಿದು, ಕೋವಿಯ ಸದ್ದಿನೊಂದಿಗೆ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎನ್ನುವ ಹೊತ್ತಿಗೆ ಅವಳು ನಮ್ಮ ಜೊತೆಯಲ್ಲಿರಲಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಬಳಿ ಮಾತ್ರ. ಆ ಚಳಿಯಲ್ಲಿ ಅವಳು ಲ್ಯಾಪ್‌ಟಾಪನ್ನು ಟ್ಯಾಂಕಿನ ಕಟ್ಟೆಯ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿದ್ದಳು. ರಜೆ ಮಂಜೂರಾಗಿತ್ತು, ಮೀಟಿಂಗಿಗೆ ಬರಲೇಬೇಕೆಂದು ಯಾರೂ ಹೇಳಿರಲಿಲ್ಲ. ಯಾರೂ ಹೇಳದೆಯೇ ಅವಳು ಹೋದಳೆಂಬುದೇ ನನ್ನನ್ನು ಇಂದಿಗೂ ಕಾಡುತ್ತಿದೆ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕುಳಿತವಳು ಹತ್ತು ನಿಮಿಷಕ್ಕೆಲ್ಲ ಎದ್ದು ಒಳಗೆ ಹೊರಗೆ ಓಡಾಡತೊಡಗಿದಳು. ಏನಾಯಿತೆಂದು ಕೇಳಿದೆ. ‘ಸುಮ್ಮನೆ ಕೂತರೆ ಏನೋ ತಪ್ಪು ಮಾಡ್ತಿದ್ದೀನಿ ಅನಿಸುತ್ತೆ ಮಾವ. ಕೆಲಸ ಮಾಡದ ದಿನ ನಾನು ಯಾರಿಗೂ ಬೇಡದವಳು ಅನ್ನೋ ಹಾಗಾಗುತ್ತೆ’ ಎಂದಳು. ಅವಳ ಕೈಗಡಿಯಾರ ರಾತ್ರಿಯ ನಿದ್ದೆಯನ್ನು ಅಳೆದು ನೂರಕ್ಕೆ ಅರವತ್ತೊಂದು ಅಂಕ ಕೊಟ್ಟಿತ್ತು. ಅದನ್ನು ನನಗೆ ತೋರಿಸುವಾಗ ಅವಳ ಮುಖದಲ್ಲಿದ್ದುದು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗುವಿನ ಮುಖ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನಿಗೆ ಆ ಮುಖ ಚೆನ್ನಾಗಿ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಎಂಬ ಸ್ಥಿತಿಯನ್ನು ವಿವರಿಸಿದೆ. ಅದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಹೇಳಿ ಮೂರು ಲಕ್ಷಣಗಳನ್ನು ಕೊಟ್ಟಿದೆ: ಶಕ್ತಿಯೆಲ್ಲ ಬಸಿದುಹೋದಂಥ ಬಳಲಿಕೆ, ಕೆಲಸದ ಬಗ್ಗೆ ಮೂಡುವ ದೂರಭಾವ ಹಾಗೂ ಜಿಗುಪ್ಸೆ, ಮತ್ತು ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಮೂರನೆಯದನ್ನು ಓದಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ಎಲ್ಲರಿಗಿಂತ ಹೆಚ್ಚು ದುಡಿದವರಿಗೇ ತಾವು ಏನೂ ಮಾಡಿಲ್ಲವೆನ್ನಿಸುವ ಸ್ಥಿತಿ ಇದು. ಅಂಥವರಿಗೆ ಇನ್ನಷ್ಟು ಬೇಗ ಏಳುವ, ಇನ್ನಷ್ಟು ಶಿಸ್ತಾಗಿರುವ ಉಪಾಯ ಹೇಳಿಕೊಟ್ಟರೆ ದಣಿದ ಎತ್ತಿಗೆ ಬಾರುಕೋಲು ತೋರಿಸಿದಂತಾಗುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೆರಳು ತೀರಾ ತೆಗೆದ ತೋಟದಲ್ಲಿ ಅರೇಬಿಕಾ ಗಿಡ ಒಂದು ವರ್ಷ ಮೈತುಂಬ ಫಸಲು ಹೊರುತ್ತದೆ. ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಎಲೆಗಳು ತಯಾರಿಸಿದ ಆಹಾರವೆಲ್ಲ ಕಾಯಿಗೇ ಹೋಗಿ, ಕೊಂಬೆ ಬೇರುಗಳಲ್ಲಿ ಕೂಡಿಟ್ಟಿದ್ದ ಸತ್ವವೂ ಖರ್ಚಾಗಿ, ಕೊಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಆಗ ಗಿಡ ಸೋಮಾರಿಯಾಯಿತೆಂದು ಯಾವ ಬೆಳೆಗಾರನೂ ಬೈಯುವುದಿಲ್ಲ; ನೆರಳು ಸಾಲದಾಯಿತು, ಹೊರೆ ಹೆಚ್ಚಾಯಿತು ಎಂದು ತನ್ನ ನಿರ್ವಹಣೆಯನ್ನೇ ತಿದ್ದಿಕೊಳ್ಳುತ್ತಾನೆ.

ನಮ್ಮ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಹೆಣ್ಣುಮಕ್ಕಳನ್ನು ನೋಡಿ. ಸಂಜೆ ಚೀಲ ತೂಗಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಂಡರೆ ಅಂದಿನ ಲೆಕ್ಕ ಮುಗಿಯಿತು. ಆ ತೂಕ ಅವರ ಹಿಂದೆ ಕಾರ್ಮಿಕರ ಲೈನ್ ಮನೆಯ ಒಳಗೆ ಬರುವುದಿಲ್ಲ. ಅವರ ಬದುಕು ಸುಖದ್ದೆಂದು ನಾನು ಖಂಡಿತ ಹೇಳುತ್ತಿಲ್ಲ; ಅವರ ದಣಿವಿಗೆ ಬೇರೆಯೇ ಕಾರಣಗಳಿವೆ, ಅದನ್ನು ಕುರಿತು ಬೇರೆಯೇ ಪತ್ರ ಬರೆಯಬೇಕು. ಆದರೆ ನನ್ನ ತಂಗಿಯ ಮಗಳ ಲೆಕ್ಕ ಮಾತ್ರ ಯಾವ ಸಂಜೆಯೂ ಮುಗಿಯುವುದಿಲ್ಲ, ಏಕೆಂದರೆ ತೂಗುವ ರೈಟರ್ ಅವಳ ಮನಸ್ಸಿನೊಳಗೇ ಕುಳಿತಿದ್ದಾನೆ.

ಅವನನ್ನು ಅಲ್ಲಿ ಕೂರಿಸಿದವರಲ್ಲಿ ನಾವೂ ಇದ್ದೇವೆ. ಮದುವೆ ಮಂಟಪದಲ್ಲಿ ಸಿಕ್ಕ ಹುಡುಗರನ್ನು ‘ಚೆನ್ನಾಗಿದ್ದೀಯಾ’ ಎನ್ನುವ ಮೊದಲು ಪ್ಯಾಕೇಜ್ ಎಷ್ಟು, ಪ್ರಮೋಷನ್ ಆಯಿತೇ ಎಂದು ಕೇಳುತ್ತೇವೆ. ನಾನಂತೂ ಎಷ್ಟೋ ಮಕ್ಕಳ ಪ್ರಗತಿಪತ್ರದಲ್ಲಿ ‘ಇನ್ನೂ ಹೆಚ್ಚು ಶ್ರಮಿಸಬೇಕು’ ಎಂದು ಕಣ್ಣುಮುಚ್ಚಿ ಬರೆದೆ. ಶಕ್ತಿ ಮೀರಿ ಶ್ರಮಿಸಿದ್ದ ಮಕ್ಕಳಿಗೂ ಅದನ್ನೇ ಬರೆದಿದ್ದೇನೆಂಬುದು ಈಗ ಹೊಳೆದು ಸಂಕಟವಾಗುತ್ತದೆ.

ದೊಡ್ಡವರ ಮಾತುಗಳ ತೂಕವೂ ಇಲ್ಲಿ ಸಣ್ಣದಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. ದೇಶ ಮುಂದೆ ಬರಬೇಕೆಂಬ ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ತಿಳಿಸಿವೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿತ್ತು. ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾವ 2025ರಲ್ಲಿ ಬಂದಾಗ ನೌಕರರ ಸಂಘಟನೆಗಳು ವಿರೋಧಿಸಿದವು. ಅವರ ವಿರೋಧ ನ್ಯಾಯವಾದದ್ದು. ಫ್ರಾನ್ಸ್ ದೇಶದಲ್ಲಿ ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಇ-ಮೇಲ್‌ಗಳಿಂದ ದೂರವಿರುವ ಹಕ್ಕು 2017ರಿಂದಲೇ ಜಾರಿಯಲ್ಲಿದೆ. ಅಂಥದೊಂದು ಕಾನೂನು ನಮಗೂ ಬೇಕು.

ಕಾನೂನು ಬರುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ರಜೆಗೆ ಬಂದ ಮಕ್ಕಳು ಮಧ್ಯಾಹ್ನದವರೆಗೆ ಮಲಗಿದರೆ ಎಬ್ಬಿಸದಿರೋಣ, ಏನೂ ಮಾಡದೆ ಕುಳಿತಾಗ ಏಕೆ ಕುಳಿತೆಯೆಂದು ಕೇಳದಿರೋಣ. ಊಟ ಬಿಟ್ಟು, ಮಾತು ಕಡಿಮೆಯಾಗಿ, ತಾನು ಯಾರಿಗೂ ಬೇಡವೆಂಬ ಮಾತು ಅವರ ಬಾಯಿಂದ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಉಚಿತವಾಗಿ, ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು. ನಮ್ಮ ಹಳ್ಳಿಗಳಲ್ಲಿ ನಾನು ವಿಚಾರಿಸಿದ ಹೆಚ್ಚಿನವರಿಗೆ ಈ ಸಂಖ್ಯೆ ಗೊತ್ತಿರಲಿಲ್ಲ. ಸಮಯ ನಿರ್ವಹಣೆಯ ಲೇಖನ ಅಚ್ಚಾಗುವ ಪ್ರತಿ ವಾರವೂ ಅದರ ಕೆಳಗೆ ಈ ಐದು ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಪೊನ್ನಂಪೇಟೆ ತಾಲ್ಲೂಕು, ಕೊಡಗು