ಅಪ್ಪನಿಗೆ, ಅವ್ವ ಓದಿ ಹೇಳುವಂತೆ

ವೋಕಿಂಗ್, ಇಂಗ್ಲೆಂಡ್
ಸೆಪ್ಟೆಂಬರ್ 17

ಪ್ರೀತಿಯ ಅಪ್ಪ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ಅಲ್ಲೂ ಮಳೆ ಹಿಡಿತಕ್ಕೆ ಬಂದಿರಬಹುದು. ಅವ್ವನ ಕಾಗದ ಗುರುವಾರ ಸಿಕ್ಕಿತು. ಫೋನು ಮಾಡಿದರೆ ನೀವು "ಎಲ್ಲ ಸರಿ ಇದೆ, ತಗೋ ಅವ್ವನ ಹತ್ರ ಮಾತಾಡು" ಅಂತ ಜಾರಿಕೊಳ್ಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅವ್ವಾ, ನೀನೇ ಓದಿ ಹೇಳು. ಮಧ್ಯೆ ಎದ್ದು ಹೋಗಲು ಬಿಡಬೇಡ.

ಮೊದಲು ಅವ್ವನ ಗಾಬರಿ. ನಾನು "ಮನೆಯಲ್ಲೇ ತೋಟಾ ಮಾಡ್ತೇನೆ" ಅಂತ ಬರೆದರೆ ಅವಳು ತೋಟ ಅಂತ ಓದಿಕೊಂಡು, ಎಷ್ಟು ಎಕರೆ, ಸಾಲ ಎಲ್ಲಿ ಮಾಡಿದೆ ಅಂತ ಕೇಳಿದ್ದಾಳೆ. ತೋಟ ಅಲ್ಲ ಅವ್ವಾ, ಕೋವಿಗೆ ಹಾಕುವ ತೋಟಾ! ಅಜ್ಜಯ್ಯ ಕೇಪಿನ ಕೋವಿಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಗುದ್ದುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಹೊಡೆದು ಖಾಲಿಯಾದ ಹಿತ್ತಾಳೆ ಚಿಪ್ಪಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತುವುದು. ಗುಂಡಿನ ತೂಕ ಹತ್ತು ಗ್ರಾಂ. ಮದ್ದನ್ನು ಗ್ರೈನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರಾಂಗೆ ಹದಿನೈದು ಗ್ರೈನ್ ಅಂದುಕೊಳ್ಳಿ. ಅಕ್ಕಸಾಲಿಗನ ಕೆಲಸವೇ ಇದಕ್ಕಿಂತ ಒರಟು.

ಪೊಲೀಸರು ಹಿಡಿಯೋದಿಲ್ವಾ ಅಂತಲೂ ಕೇಳಿದ್ದಾಳೆ. ಹಿಡಿಯುವುದೇನು, ಲೈಸೆನ್ಸು ಕೊಡುವ ಮೊದಲು ಅವರೇ ಮನೆಗೆ ಬಂದು, ಗೋಡೆಗೆ ಬಿಗಿದ ಕಬ್ಬಿಣದ ಬೀರು ಅಲ್ಲಾಡಿಸಿ ನೋಡಿ ಹೋದರು. ಇವನ ತಲೆ ನೆಟ್ಟಗಿದೆಯಾ ಅಂತ ನನ್ನ ಡಾಕ್ಟರಿಂದಲೂ ಬರೆಸಿಕೊಂಡರು. ಎಷ್ಟು ತೋಟಾ ಇಟ್ಟುಕೊಳ್ಳಬಹುದು ಅನ್ನುವುದೂ ಲೈಸೆನ್ಸಿನಲ್ಲೇ ಇದೆ. ನಮ್ಮ ಕೊಡಗಿನಲ್ಲಿ ಜಮ್ಮಾ ಜಮೀನಿನವರಿಗೆ, ಕೊಡವರಿಗೆ ಕೋವಿಗೆ ಲೈಸೆನ್ಸೇ ಬೇಡ ಅಂದರೆ ಇಲ್ಲಿಯವರು ನನ್ನನ್ನು ಬಡಾಯಿಗಾರ ಅಂದುಕೊಳ್ಳುತ್ತಾರೆ.

ನಾನು ಹೋಗುವ ಜಾಗ ಬಿಸ್ಲಿ. 1890ರಿಂದ ಅಲ್ಲಿ ಗುರಿ ಪಂದ್ಯ ನಡೆಯುತ್ತಿದೆ. ಮರದ ಕ್ಲಬ್ಬು, ಮುಂದೆ ಜಗಲಿ, ಥೇಟ್ ನಮ್ಮ ಕಡೆಯ ಹಳೇ ಎಸ್ಟೇಟ್ ಬಂಗಲೆ. ಕಾಳುಮೆಣಸಿನ ಬಳ್ಳಿ ಒಂದು ಇಲ್ಲ ಅಷ್ಟೇ.

ಈಗ ನೀವು ಕೇಳಿದ ವಿಷಯ, ನನ್ನ ಗುರಿ ಯಾಕೆ ತಪ್ಪುತ್ತಿತ್ತು ಅಂತ. ಮುನ್ನೂರು ಗಜದಲ್ಲಿ ನನ್ನ ಕೋವಿ ಅಷ್ಟೇನೂ ಕೆಟ್ಟದಾಗಿ ಹೊಡೆಯುತ್ತಿರಲಿಲ್ಲ. ಆರುನೂರಕ್ಕೆ ಹೋದರೆ ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಅಡ್ಡಕ್ಕೆ ಹೆಚ್ಚು ಹರಡುತ್ತಿರಲಿಲ್ಲ, ಉದ್ದಕ್ಕೆ ಮಾತ್ರ. ಹಾಗಾದರೆ ಗಾಳಿ ಅಲ್ಲ, ಮದ್ದು ಹೆಚ್ಚುಕಡಿಮೆಯಾಗಿ ಗುಂಡಿನ ವೇಗ ಏರುಪೇರಾಗುತ್ತಿದೆ ಅಂತ ತೀರ್ಮಾನಿಸಿಬಿಟ್ಟೆ. ಸೆಕೆಂಡಿಗೆ ಐವತ್ತು ಅಡಿ ವ್ಯತ್ಯಾಸವಾದರೂ ಸಾಕು, ಅಷ್ಟು ದೂರದಲ್ಲಿ ಮೂರು ನಾಲ್ಕು ಇಂಚು ತಪ್ಪುತ್ತದೆ. ತಕ್ಕಡಿ ಬದಲಾಯಿಸಿದೆ. ಹಲವು ಸಲ ಹೊಡೆದ ಚಿಪ್ಪಿನ ಕತ್ತು ಗಡುಸಾಗಿ ಗುಂಡನ್ನು ಒಂದೊಂದು ಕಡೆ ಒಂದೊಂದು ಥರ ಹಿಡಿಯುತ್ತದೆ ಅಂತಾರೆ, ಹೊಸ ಚಿಪ್ಪು ತಂದೆ. ಮದ್ದಿನ ಡಬ್ಬ ಬೇರೆ, ಗುಂಡು ಒತ್ತುವ ಆಳ ಬೇರೆ. ಎಲ್ಲಾ ಒಂದೇ ವಾರದಲ್ಲಿ! ಸರಿಹೋಗಿದ್ದರೂ ಯಾವುದರಿಂದ ಅಂತ ಗೊತ್ತಾಗುತ್ತಿರಲಿಲ್ಲ. ವೇಗ ಅಳೆಯುವ ಯಂತ್ರವನ್ನೂ ಕೊಂಡೆ. ಅದು "ನಿನ್ನ ತೋಟಾ ಸರಿ ಇದೆ" ಅಂತಲೇ ತೋರಿಸುತ್ತಿತ್ತು. ನಾನು ಯಂತ್ರವೇ ಕೆಟ್ಟಿದೆ ಅಂದುಕೊಂಡೆ.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಶನಿವಾರ ಪಕ್ಕದಲ್ಲಿ ಮಲಗಿ ಹೊಡೆಯುತ್ತಿದ್ದ ಮುದುಕರೊಬ್ಬರು, "ಅಂಗಡಿ ತೋಟಾ ಹಾಕಿ ನೋಡಿದೆಯಾ?" ಅಂದರು. ಇಲ್ಲ ಅಂದೆ. ಆಗಲೇ ಹಾಕಿ ಹೊಡೆದೆ, ಅದೂ ಅಷ್ಟೇ ಚೆಲ್ಲಾಪಿಲ್ಲಿ. "ಏಳು" ಅಂತ ಹೇಳಿ ತಾವೇ ಮಲಗಿ ಹೊಡೆದರು. ಅವರಿಗೂ ಹಾಗೇ. ಅಲ್ಲಿಗೆ ತೋಟಾದ ತಪ್ಪಲ್ಲ, ಹೊಡೆಯುವವನ ತಪ್ಪೂ ಅಲ್ಲ ಅಂತಾಯಿತಲ್ಲ. ಕೋವಿ ಮಗುಚಿ, ನಳಿಗೆಯನ್ನು ಮರಕ್ಕೆ ಹಿಡಿದ ಮುಂದಿನ ಸ್ಕ್ರೂಗೆ ಕೀಲಿ ಹಾಕಿದರು. ಅರ್ಧ ಸುತ್ತು ಸಲೀಸಾಗಿ ತಿರುಗಿತು. ಬಿಗಿ ಮಾಡಿ, ನನ್ನದೇ ತೋಟಾದಿಂದ ಹತ್ತು ಗುಂಡು ಹೊಡೆದೆ. 50ಕ್ಕೆ 48.

ಈಗ ಅವ್ವನ ಕಾಗದದ ಎರಡನೇ ಪುಟ. ಈ ಸಲದ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ನೀವು ಆರು ಗುಂಡು ಹೊಡೆದು ಒಂದೂ ಕಾಯಿಗೆ ತಾಗಲಿಲ್ಲವಂತೆ. ಮೊದಲು ಮಳೆಗೆ ತೋಟಾ ತಣ್ಣಗಾಗಿದೆ ಅಂದಿರಿ. ಆಮೇಲೆ ನಳಿಗೆ ಸವೆದಿದೆ, ಆಮೇಲೆ ಕಾಯಿ ಗಾಳಿಗೆ ತೂಗಾಡುತ್ತಿತ್ತು. ಗೋಣಿಕೊಪ್ಪಕ್ಕೆ ಹೋಗಿ ಹೊಸ ಪೆಟ್ಟಿಗೆ ತಂದಿರಿ. ಅದೇ ಕೋವಿ, ಅದೇ ಪೆಟ್ಟಿಗೆಯಿಂದ ಮುತ್ತ ಹೊಡೆದ. ಮೊದಲ ಗುಂಡಿಗೇ ಕಾಯಿ ಒಡೆಯಿತಂತೆ.

ಅಪ್ಪ, ಕೋವಿ ಸರಿ ಇದೆ. ತೋಟಾ ಸರಿ ಇದೆ.

ಬಲಗಣ್ಣಿನ ಪೊರೆ ಬಲಿತಿದೆ ಅಂತ ಡಾಕ್ಟರು ಜೂನ್‌ನಲ್ಲೇ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ? ಕಾಫಿ ಕುಯಿಲು ಮುಗಿಯಲಿ ಅಂದರೆ ಮಾರ್ಚ್ ಬರುತ್ತದೆ. ಅಷ್ಟರಲ್ಲಿ ಅದು ಇನ್ನೂ ಗಟ್ಟಿಯಾಗಿ ಆಪರೇಷನ್ ಕಷ್ಟವಾಗಬಹುದು. ಈಗಾದರೆ ಅರ್ಧ ಗಂಟೆ ಕೆಲಸ, ಸಂಜೆಗೆ ಮನೆ. ಹೆದರುವಂಥದ್ದು ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ಸಕ್ಕರೆ ಮಾತ್ರ ಹತೋಟಿಯಲ್ಲಿ ಇಟ್ಟುಕೊಳ್ಳಿ. ಇದೇ ತಿಂಗಳು ಮಾಡಿಸಿದರೆ ಹುತ್ತರಿಗೆ ಕದಿರು ಕೊಯ್ಯುವಾಗ ನೀವೇ ಗುಂಡು ಹಾರಿಸಬಹುದು. ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ. ನಿಮ್ಮದಕ್ಕೆ ಹಾಕಿದರೆ ಗೊಬ್ಬರ ಬರುತ್ತದೆ. ನನಗೆ ಕಷ್ಟ ಏನೂ ಆಗಿಲ್ಲ, ಸಂಬಳ ಚೆನ್ನಾಗಿದೆ, ಊಟ ಚೆನ್ನಾಗಿದೆ, ಚಳಿಯೂ ಇಲ್ಲ.

ಮುದುಕರ ಕಾರು ಹಾರ್ನ್ ಹೊಡೀತಿದೆ. ಇವತ್ತು ಗುರಿಹಲಗೆಯ ಕೆಳಗಿನ ಗುಂಡಿಯಲ್ಲಿ ಕೂತು ತೂತು ಎಣಿಸುವ ಸರದಿ ನನ್ನದು. ಗುಂಡು ತಲೆ ಮೇಲೇ ಹೋಗುತ್ತದೆ, ಆದರೆ ಮುಂದೆ ದೊಡ್ಡ ಮಣ್ಣಿನ ದಿಬ್ಬ ಇದೆ, ಅವ್ವಾ, ಈ ಸಾಲು ಓದಬೇಡ. ದಿನ ಗೊತ್ತಾದ ಕೂಡಲೇ ಅಕ್ಕನಿಂದ ಮೆಸೇಜ್ ಮಾಡಿಸಿ.

ನಿಮ್ಮ ಮಗ,
ಬೋಪು