ಅಉನೆಯ ಸಂತೆ ಮತ್ತು ಈಸೂರಿನ ಹೆಣ್ಣುಮಕ್ಕಳು

ಮಾನ್ಯ ಸಂಪಾದಕರೇ,

ಕೊರಿಯಾದ ಹಾಡು, ಧಾರಾವಾಹಿಗಳ ಮಾತು ಈಗ ನಮ್ಮ ಮಲೆನಾಡಿನ ಹೈಸ್ಕೂಲು ಮಕ್ಕಳ ಬಾಯಲ್ಲೂ ಕೇಳಿಬರುತ್ತದೆ. ಹೆಚ್ಚುಕಡಿಮೆ ಅವರದೇ ವಯಸ್ಸಿನಲ್ಲಿ, 17ರ ಹರೆಯದಲ್ಲಿ, ನಾಡಿನ ಬಿಡುಗಡೆಗಾಗಿ ಸೆರೆಮನೆಯಲ್ಲೇ ಪ್ರಾಣಬಿಟ್ಟ ಯು ಗ್ವಾನ್‌ಸುನ್ ಎಂಬ ಹುಡುಗಿಯ ಕಥೆಯನ್ನು ಅವರಿಗೆ ಹೇಳಿದವರು ಕಡಿಮೆ.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿಹಾಕಿತು. 1919ರ ಮಾರ್ಚ್ 1ರಂದು ರಾಜಧಾನಿಯಲ್ಲಿ ಸ್ವಾತಂತ್ರ್ಯ ಘೋಷಣೆಯಾದಾಗ ಗ್ವಾನ್‌ಸುನ್ ಅಲ್ಲಿನ ಇಹ್ವಾ ಶಾಲೆಯ ವಿದ್ಯಾರ್ಥಿನಿ. ಸರ್ಕಾರ ಶಾಲೆಗಳನ್ನು ಮುಚ್ಚಿಸಿದ ಮೇಲೆ ಊರಿಗೆ ಮರಳಿದ ಆಕೆ ಹಳ್ಳಿಯಿಂದ ಹಳ್ಳಿಗೆ ಹೋಗಿ, ಏಪ್ರಿಲ್ 1ರಂದು ಅಉನೆಯ ಸಂತೆಗೆ ಬನ್ನಿ ಎಂದು ಜನರನ್ನು ಕರೆದಳು. ಹಿಂದಿನ ರಾತ್ರಿ ಗುಡ್ಡದ ಮೇಲೆ ಬೆಂಕಿ ಹೊತ್ತಿಸಿ ಸುತ್ತಲಿನ ಊರುಗಳಿಗೆ ಸುಳಿವು ಕೊಟ್ಟರು. ಸಂತೆಯ ದಿನವೇ ಸುದ್ದಿ ಊರೂರಿಗೆ ಹರಡುವುದನ್ನು ಕಂಡ ನಮಗೆ ಆ ಆಯ್ಕೆಯ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ. ಸುಮಾರು 3000 ಜನ ಸೇರಿ 'ಮಾನ್ಸೆ' ಎಂದು ಕೂಗಿದರು; ನಾಡು ಚಿರಕಾಲ ಬಾಳಲಿ ಎಂಬುದು ಅದರ ಭಾವ. ಜಪಾನಿ ಪಡೆ ಗುಂಡು ಹಾರಿಸಿತು. ಅಂದು ಸತ್ತ 19 ಮಂದಿಯಲ್ಲಿ ಆಕೆಯ ತಂದೆಯೂ ತಾಯಿಯೂ ಇದ್ದರು.

ಸೊದೆಮುನ್ ಸೆರೆಮನೆಗೆ ಹೋದ ಮೇಲೂ ಆಕೆ ಸುಮ್ಮನಾಗಲಿಲ್ಲ. ಚಳವಳಿಗೆ ವರ್ಷ ತುಂಬಿದ 1920ರ ಮಾರ್ಚ್ 1ರಂದು ಒಳಗಿದ್ದ ಕೈದಿಗಳೊಂದಿಗೆ ಮತ್ತೆ ಅದೇ ಘೋಷಣೆ ಕೂಗಿದಳು. ಚಿತ್ರಹಿಂಸೆಯಿಂದ ಜರ್ಜರಿತಳಾದ ಆಕೆ ಅದೇ ವರ್ಷ ಸೆಪ್ಟೆಂಬರ್ 28ರಂದು ತೀರಿಕೊಂಡಳು. ಹೂತ ಸ್ಮಶಾನವನ್ನೂ ಮುಂದೆ ಅಳಿಸಿಹಾಕಿದ್ದರಿಂದ ಇಂದು ಆಕೆಯ ಅವಶೇಷ ಎಲ್ಲಿದೆಯೆಂದು ಯಾರಿಗೂ ತಿಳಿಯದು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅನಂತರದ ಸಂಗತಿ. ದಕ್ಷಿಣ ಕೊರಿಯಾ ಸರ್ಕಾರ 1962ರಲ್ಲಿ ಆಕೆಗೆ ಮೂರನೇ ದರ್ಜೆಯ ಗೌರವ ಪದಕ ಕೊಟ್ಟಿತ್ತು. ಅದು ಸಾಲದೆಂದು ಜನ ಒತ್ತಾಯಿಸುತ್ತಲೇ ಬಂದರು. ಚಳವಳಿಗೆ ನೂರು ವರ್ಷ ತುಂಬಿದ 2019ರಲ್ಲಿ ಮೊದಲ ದರ್ಜೆಯ ಗೌರವ ಸಂದಿತು. ಒಮ್ಮೆ ಕೊಟ್ಟ ಗೌರವವೂ ಕಡಿಮೆಯಾಗಿರಬಹುದೆಂದು ಒಂದು ದೇಶ ಒಪ್ಪಿಕೊಂಡು ತಿದ್ದಿಕೊಂಡಿತು.

ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಇಂದಿಗೂ ಜಿಲ್ಲೆಯ ನಾಲಗೆಯ ಮೇಲಿದೆ. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಐವರು ಹುತಾತ್ಮರನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅದೇ ಹೋರಾಟದಲ್ಲಿ ಜೈಲು ಕಂಡ ಆ ಊರಿನ ಹೆಣ್ಣುಮಕ್ಕಳ ಬಗ್ಗೆ ಭಾಷಣಗಳಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಕೇಳಿದ ನೆನಪು ನನಗಿಲ್ಲ. ನಾಲ್ಕು ದಶಕಗಳ ಕಾಲ ಪಾಠ ಹೇಳಿದ ನಾನೂ ಅದನ್ನು ವಿಸ್ತರಿಸಲಿಲ್ಲ ಎಂಬ ನೋವಿದೆ.

ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದದ್ದೂ ಆಗಸ್ಟ್ 15ರಂದೇ, ನಮಗಿಂತ ಎರಡು ವರ್ಷ ಮೊದಲು. ಬರುವ ಆಗಸ್ಟ್ 15ರೊಳಗೆ ಈಸೂರಿನ ಮೊಕದ್ದಮೆಯ ಕಡತಗಳನ್ನೂ ಊರಿನ ಹಿರಿಯರ ನೆನಪುಗಳನ್ನೂ ಆಧರಿಸಿ ಆ ಮಹಿಳೆಯರ ಹೆಸರು, ವಯಸ್ಸು, ಅನುಭವಿಸಿದ ಶಿಕ್ಷೆ, ಬಿಡುಗಡೆಯ ನಂತರದ ಬದುಕು ಇವಿಷ್ಟನ್ನು ಕಿರುಹೊತ್ತಗೆಯಾಗಿ ಮುದ್ರಿಸಿ ಜಿಲ್ಲೆಯ ಪ್ರತಿ ಪ್ರೌಢಶಾಲೆಗೆ ತಲುಪಿಸಬೇಕೆಂದು ಜಿಲ್ಲಾಡಳಿತವನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ